ಮೂವತ್ತೊಂದನೇ ನಂಬರು ಎದ್ದು ಹೋದದ್ದೆಲ್ಲಿಗೆ

ನಮ್ಮತ್ತೆಗೂ ನನಗೂ ಆಗಿಬರುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದೆ ನಾನು ಅವರ ಪರ ವಹಿಸಿ ಮಾತಾಡುವುದನ್ನು ಕೇಳಿ 'ಎಂಥಾ ಸೊಸೆಯಪ್ಪಾ ಇವಳು' ಎಂದು ನೀವು ಸುಮ್ಮನೆ ನನ್ನನ್ನು ಅಟ್ಟಕ್ಕೇರಿಸಿಬಿಡುತ್ತೀರಿ. ನಾನು ಮಡಚಿಟ್ಟ ಬಟ್ಟೆಯನ್ನು ಅವರು ಬಿಚ್ಚಿ ಮತ್ತೆ ಮಡಚುತ್ತಾರೆ. ನಾನು ತೊಳೆದಿಟ್ಟ ಲೋಟವನ್ನು ಕಿಟಕಿಯ ಬೆಳಕಿಗೆ ಹಿಡಿದು ತಿರುಗಿಸಿ ನೋಡುತ್ತಾರೆ. ಹೋಗಲಿ, ಫ್ಯಾಕ್ಟರಿಗೆ ಹೋದ ಮೇಲಾದರೂ ಎಂಟು ಗಂಟೆ ನೆಮ್ಮದಿಯಾಗಿರೋಣ ಎಂದರೆ ಅಲ್ಲೂ ಅವರೇ. ನನ್ನ ಹಣೆಬರಹ ನೋಡಿ, ಇಡೀ ಊರಲ್ಲಿ ಅಷ್ಟೊಂದು ಹೊಲಿಗೆ ಲೈನುಗಳಿದ್ದರೂ ನಾನು ಸೇರಿದ್ದು ಅವರು ಚೆಕಿಂಗ್ ಮಾಡುವ ಲೈನಿಗೇ.

ನಮ್ಮದು ಶರ್ಟ್ ಹೊಲಿಯುವ ಫ್ಯಾಕ್ಟರಿ. ಒಂದೊಂದು ಲೈನಿಗೆ ಮೂವತ್ತನಾಲ್ಕು ಜನ. ಒಬ್ಬರು ಜೇಬು ಹೊಲಿದರೆ ಇನ್ನೊಬ್ಬರು ಕಫ್, ಮತ್ತೊಬ್ಬರು ತೋಳು. ಏಳನೇ ಮಷಿನ್ನಿನಲ್ಲಿ ಕಾಲರ್ ಹೊಲಿಯುವವಳು ನಾನು. ಎಲ್ಲರ ಕೈ ದಾಟಿ ಪೂರ್ತಿ ಶರ್ಟ್ ಆದ ಮೇಲೆ ಅದು ಲೈನಿನ ಕೊನೆಯ ಟೇಬಲ್ಲಿಗೆ ಬರುತ್ತದೆ. ಮೇಲೆ ಎರಡು ಟ್ಯೂಬ್‌ಲೈಟು, ಕೆಳಗೆ ಕನ್ನಡಕವನ್ನು ಮೂಗಿನ ತುದಿಗೆ ಇಳಿಸಿಕೊಂಡು ನಿಂತ ನಮ್ಮತ್ತೆ. ಇಪ್ಪತ್ತೆರಡು ವರ್ಷದಿಂದ ಆ ಟೇಬಲ್ಲು ಅವರದು. ಲೈನಿನಲ್ಲಿ ಅವರನ್ನು ಎಲ್ಲರೂ ಚೆಕಿಂಗ್ ಅಕ್ಕ ಎನ್ನುತ್ತಾರೆ.

ಶರ್ಟಿನಲ್ಲಿ ತಪ್ಪು ಕಂಡರೆ ಅಲ್ಲೊಂದು ಕೆಂಪು ಸ್ಟಿಕ್ಕರ್ ಅಂಟಿಸಿ ಪಕ್ಕದ ಬುಟ್ಟಿಗೆ ಹಾಕಬೇಕು, ಇದು ಫ್ಯಾಕ್ಟರಿಯ ನಿಯಮ. ಬುಟ್ಟಿ ಇನ್ನೊಂದು ಕೋಣೆಗೆ ಹೋಗುತ್ತದೆ, ಅಲ್ಲಿ ಬೇರೆ ಯಾರೋ ಬಿಚ್ಚಿ ಹೊಲಿಯುತ್ತಾರೆ. ತಪ್ಪು ಮಾಡಿದವಳಿಗೆ ತಾನು ತಪ್ಪು ಮಾಡಿದ್ದೇ ಗೊತ್ತಾಗುವುದಿಲ್ಲ. ಅವಳು ಅದನ್ನೇ ಸಾಯಂಕಾಲದವರೆಗೂ ಮಾಡುತ್ತಿರುತ್ತಾಳೆ. ನಮ್ಮತ್ತೆಗೆ ಇದು ಸುತರಾಂ ಹಿಡಿಸದು. ಅವರು ಶರ್ಟನ್ನು ಹೆಗಲ ಮೇಲೆ ಹಾಕಿಕೊಂಡು ಸೀದಾ ಆ ಮಷಿನ್ನಿಗೇ ಬರುತ್ತಾರೆ. ಬಂದು ಕಿವಿಯ ಹತ್ತಿರ ಬಗ್ಗಿ, ಮೋಟಾರುಗಳ ಗಲಾಟೆಯಲ್ಲಿ ಪಕ್ಕದವರಿಗೂ ಕೇಳಿಸದ ಹಾಗೆ ಹೇಳುತ್ತಾರೆ. ಹೇಳಿ ಹೋಗಿಬಿಟ್ಟರೆ ಬೇರೆ ಮಾತು. ಹೋಗುವುದಿಲ್ಲ. ಎರಡು ಪೀಸು ಸರಿಯಾಗಿ ಬರುವವರೆಗೂ ತಲೆಯ ಹತ್ತಿರವೇ ನಿಂತಿರುತ್ತಾರೆ. ಅಷ್ಟರಲ್ಲಿ ಅವರ ಟೇಬಲ್ಲಿನಲ್ಲಿ ಶರ್ಟು ಗುಡ್ಡೆ ಬಿದ್ದಿರುತ್ತದೆ. ಅದನ್ನು ಅವರು ಊಟದ ಬಿಡುವನ್ನು ಅರ್ಧ ತಿಂದು ಮುಗಿಸುತ್ತಾರೆ, ಊಟವನ್ನಲ್ಲ, ಬಿಡುವನ್ನು.

ಅವರ ಸೊಂಟದ ಚೀಲದಲ್ಲಿ ಒಂದು ಬಟ್ಟೆಯ ಪಟ್ಟಿ ಇರುತ್ತದೆ. ಕತ್ತರಿಸಿ ಬಿಸಾಕಿದ ಬಟ್ಟೆಯ ಅಂಚಿನದು. ಅದರಲ್ಲಿ ಒಬ್ಬೊಬ್ಬರಿಗೆ ಒಂದೊಂದು ಗೇಣು ಜಾಗ. ಒಂದು ಸಲ ತಿದ್ದಲು ಬಂದರೆ ಆ ಗೇಣಿನಲ್ಲಿ ಒಂದು ಕೆಂಪು ದಾರದ ಹೊಲಿಗೆ. ಶನಿವಾರ ಸಾಯಂಕಾಲ ಆ ಪಟ್ಟಿಯನ್ನು ತುಂಡು ತುಂಡಾಗಿ ಕತ್ತರಿಸಿ, ಮೂಲೆಯಲ್ಲಿ ಬಾಲ್‌ಪೆನ್ನಿನಿಂದ ತಾರೀಖು ಬರೆದು, ಅವರವರದನ್ನು ಅವರವರ ಕೈಗೆ ಮಡಚಿ ಕೊಡುತ್ತಾರೆ. ಒಬ್ಬರ ತುಂಡು ಇನ್ನೊಬ್ಬರಿಗೆ ತೋರಿಸುವುದಿಲ್ಲ. ಆಫೀಸಿಗಂತೂ ಅದರ ಸುದ್ದಿಯೇ ಇಲ್ಲ. ತೋಳು ಕೂಡಿಸುವ ನಮ್ಮ ತೋಳಣ್ಣ ಒಂದು ವಾರ ಒಂದೂ ಕೆಂಪು ಹೊಲಿಗೆ ಇಲ್ಲದ ತುಂಡು ಸಿಕ್ಕಾಗ ಅದನ್ನು ಪರ್ಸಿನಲ್ಲಿ ಮಕ್ಕಳ ಫೋಟೋ ಪಕ್ಕ ಇಟ್ಟುಕೊಂಡ. ನನ್ನದು ಯಾವತ್ತೂ ಖಾಲಿ ಬಂದಿಲ್ಲ. ಎಂಟು ವರ್ಷದ ತುಂಡುಗಳನ್ನೂ ಒಂದು ಬಿಸ್ಕೆಟ್ ಡಬ್ಬದಲ್ಲಿ ತುಂಬಿ ಮಂಚದ ಕೆಳಗಿಟ್ಟಿದ್ದೇನೆ, ಒಂದು ದಿನ ಅವರೆದುರಿಗೇ ಸುಟ್ಟುಹಾಕಬೇಕು ಎಂದು.

ಈ ಗುಟ್ಟಿಗೆ ಕಾರಣವೂ ಇದೆ. ನಮ್ಮತ್ತೆ ಚೆಕಿಂಗಿಗೆ ಬರುವ ಮೊದಲು ಕಫ್ ಹೊಲಿಯುತ್ತಿದ್ದರಂತೆ. ಆಗ ಇದ್ದ ಚೆಕಿಂಗಿನವಳು ಯಾರ್‍ಯಾರು ಎಷ್ಟೆಷ್ಟು ತಪ್ಪು ಮಾಡಿದರು ಎಂದು ಬರೆದು ಆಫೀಸಿಗೆ ಕೊಟ್ಟಳು. ಅದೇ ಮಧ್ಯಾಹ್ನ ಮೂರು ಜನ ಹೆಂಗಸರನ್ನು ಚೀಲ ತಗೊಂಡು ಹೊರಡಿ ಎಂದರು. ಅವರಲ್ಲಿ ಒಬ್ಬಳು ನಮ್ಮತ್ತೆಯ ಪಕ್ಕದ ಮಷಿನ್ನಿನವಳು, ಕೆಲಸ ಕಲಿತು ಇನ್ನೂ ಒಂದೇ ತಿಂಗಳಾಗಿತ್ತು. ಅವತ್ತಿನಿಂದ ನಮ್ಮತ್ತೆಯದು ಒಂದೇ ಪಟ್ಟು. ಲೈನಿನ ತಪ್ಪು ಲೈನಿನಲ್ಲೇ ಮುಗಿಯಬೇಕು. ಹೊರಗಿನವರ ಕಿವಿಗೆ ಬೀಳಬಾರದು.

ಹೀಗಿರುವಾಗ ವಿಶ್ವವಿದ್ಯಾಲಯದಿಂದ ಸಂಶೋಧನೆಯವರು ಬಂದರು.

ಫ್ಯಾಕ್ಟರಿಗಳಲ್ಲಿ ಸಮಯ ಎಲ್ಲಿ ಸೋರುತ್ತದೆ ಎಂದು ಕಂಡುಹಿಡಿಯುವುದು ಅವರ ಕೆಲಸ. ಪ್ರೊಫೆಸರ್ ಒಬ್ಬರು ಮೊದಲ ದಿನ ಬಂದು ವಿವರಿಸಿದರು. ಆರು ಲೈನುಗಳನ್ನು ನಾಲ್ಕು ವಾರ ನೋಡುತ್ತಾರಂತೆ. ಯಾರು ಯಾವ ಹೊತ್ತಿನಲ್ಲಿ ಏನು ಮಾಡುತ್ತಿದ್ದರು ಎಂದು ಬರೆದುಕೊಂಡು, ಆಮೇಲೆ ಲೈನಿಗೂ ಲೈನಿಗೂ ಹೋಲಿಸುತ್ತಾರಂತೆ. ಯಾರ ಹೆಸರನ್ನೂ ಬರೆಯುವುದಿಲ್ಲ, ಬರೀ ನಂಬರು. ಒಪ್ಪಿಗೆಯ ಕಾಗದ ಹಂಚಿದರು. ಎಲ್ಲರೂ ಕಣ್ಣು ಮುಚ್ಚಿ ಸಹಿ ಹಾಕಿದೆವು. ನಮ್ಮತ್ತೆ ಒಬ್ಬರು ಮಾತ್ರ ನಿಂತು, ಎರಡು ಪುಟವನ್ನೂ ಓದಿ, ಎರಡನೇ ಪುಟದಲ್ಲಿ ತಾರೀಖು ತಪ್ಪಾಗಿದೆ ಎಂದು ಪ್ರೊಫೆಸರಿಗೇ ತೋರಿಸಿ ತಿದ್ದಿಸಿದರು. ನನಗೆ ಮಾನ ಹೋದ ಹಾಗಾಯಿತು.

ನಮ್ಮ ಲೈನಿಗೆ ಬಂದವಳು ಸಂಶೋಧಕಿ ಮೇಡಂ. ಮೂವತ್ತರ ಆಚೆಯ ವಯಸ್ಸು, ತೆಳ್ಳಗಿನ ಮೈ, ಮಾತು ಕಡಿಮೆ. ಎತ್ತರದ ಸ್ಟೂಲಿನ ಮೇಲೆ ಟ್ಯಾಬ್ ಹಿಡಿದು ಕೂರುತ್ತಿದ್ದಳು. ನಾನು ನೀರು ಕುಡಿಯಲು ಹೋಗುವಾಗ ಬಗ್ಗಿ ನೋಡಿದ್ದೆ. ಅದರಲ್ಲಿ ಐದು ಚೌಕ. ಒಂದು, ಕೆಲಸ. ಎರಡು, ಪೀಸಿಗಾಗಿ ಕಾಯುವುದು. ಮೂರು, ಮಷಿನ್ ಕೆಟ್ಟಿರುವುದು. ನಾಲ್ಕು, ನೀರು ಮತ್ತು ಬಾತ್‌ರೂಮು. ಐದು, ಇತರೆ. ಯಾರು ಏನು ಮಾಡಿದರೂ ಈ ಐದರಲ್ಲಿ ಒಂದನ್ನು ಒತ್ತಬೇಕು.

ಮೊದಲ ದಿನವೇ ನಮ್ಮತ್ತೆ ಶರ್ಟ್ ಹೆಗಲಿಗೆ ಹಾಕಿಕೊಂಡು ನನ್ನ ಮಷಿನ್ನಿಗೆ ಬಂದರು. ಮೇಡಂ ಹಿಂದೆಯೇ ಬಂದಳು.

"ಅಮ್ಮಾ, ನೀವು ಇಲ್ಲಿಗೆ ಯಾಕೆ ಬಂದ್ರಿ?"

"ಹೀಗೇ ಸುಮ್ನೆ," ಎಂದರು ನಮ್ಮತ್ತೆ. "ಮಾತಾಡ್ಸೋಕೆ."

ಹೊರಗಿನವಳ ಮುಂದೆ 'ಇವಳ ಕಾಲರ್ ಕೆಟ್ಟಿದೆ' ಎಂದು ಹೇಳುವ ಪೈಕಿಯವರಲ್ಲ ಅವರು. ಮೇಡಂ ನನ್ನ ಕಡೆ ತಿರುಗಿದಳು.

"ಇವರು ಹೀಗೆ ಆಗಾಗ ಬರ್ತಿರ್ತಾರಾ?"

ನಾನು ಏನು ಹೇಳಬೇಕಿತ್ತು? ಹೌದು ಮೇಡಂ, ನನಗೆ ಹೊಲಿಯಲು ಬರುವುದಿಲ್ಲ, ಹೇಳಿಕೊಡಲು ಬರುತ್ತಾರೆ ಎನ್ನಬೇಕಿತ್ತು. ನನ್ನ ನಾಲಿಗೆ ಎಲ್ಲಿ ಸುಮ್ಮನಿರುತ್ತದೆ? "ಏನ್ ಮಾಡೋದು ಮೇಡಂ, ನಮ್ಮತ್ತೆಗೆ ಮನೇಲಿ ಬೈದಿದ್ದು ಸಾಲಲ್ಲ, ಬಾಕಿ ಇಲ್ಲಿ ತೀರಿಸ್ತಾರೆ," ಎಂದೆ. ಸುತ್ತಲಿನವರು ನಕ್ಕರು. ಮೇಡಂ ಕೂಡ ನಕ್ಕಳು. ನಕ್ಕು ಐದನ್ನು ಒತ್ತಿದಳು.

ಆ ತಿಂಗಳೇ ಹೊಸ ಮಾಡೆಲ್ಲಿನ ಶರ್ಟು ಬಂದಿತ್ತು. ಮೂಲೆ ದುಂಡಗಿರುವ ಕಾಲರು. ಚೂಪು ಮೂಲೆಯಾದರೆ ಕಣ್ಣು ಮುಚ್ಚಿ ಹೊಲಿಯುತ್ತೇನೆ, ಈ ದುಂಡು ಮೂಲೆ ನನ್ನ ಜೀವ ಹಿಂಡಿತು. ಬಲಗಡೆಯದು ಸರಿ ಬಂದರೆ ಎಡಗಡೆಯದು ಉಬ್ಬಿ ನಿಲ್ಲುತ್ತಿತ್ತು. ನಮ್ಮತ್ತೆ ಬರುವುದು, ಬಗ್ಗುವುದು, ಕಿವಿಯಲ್ಲಿ ಗೊಣಗುವುದು, ಮೇಡಂ ಐದು ಒತ್ತುವುದು. ದಿನಕ್ಕೆ ಮೂರು ಸಲ ಇದೇ. ಒಂದೇ ಒಂದು ಸಲವೂ ನಾನು ಬಾಯಿ ಬಿಟ್ಟು ನಿಜ ಹೇಳಲಿಲ್ಲ.

ನಾಲ್ಕು ವಾರ ಮುಗಿದು ಹತ್ತು ದಿನಕ್ಕೆ, ಒಂದು ಮಂಗಳವಾರ, ಮ್ಯಾನೇಜರು ನಮ್ಮತ್ತೆಯನ್ನು ಕರೆಸಿದರು. ಹೋದವರು ಐದು ನಿಮಿಷಕ್ಕೆ ವಾಪಸು ಬಂದರು. ಮುಖ ನೋಡಿದರೆ ಏನೂ ಗೊತ್ತಾಗಲಿಲ್ಲ, ಶರ್ಟ್ ನೋಡುತ್ತಾ ನಿಂತರು. ಆದರೆ ಆ ದಿನ ಸಾಯಂಕಾಲದವರೆಗೂ ಒಂದು ಸಲವೂ ನನ್ನ ಮಷಿನ್ನಿಗೆ ಬರಲಿಲ್ಲ. ಎಂಟು ವರ್ಷದಲ್ಲಿ ಮೊದಲ ಸಲ. ನನಗೆ ಖುಷಿಯಾಗಬೇಕಿತ್ತು. ಕೊನೆಯ ಟೇಬಲ್ಲಿನ ಕಡೆ ತಿರುಗಿ ತಿರುಗಿ ನೋಡಿದೆ.

ಮನೆಗೆ ಬಂದು ಕೈಕಾಲು ತೊಳೆದ ಮೇಲೆ ಅಡುಗೆಮನೆಯಲ್ಲಿ ಹೇಳಿದರು. ಸಂಶೋಧನೆಯವರ ವರದಿ ಆಫೀಸಿಗೆ ಬಂದಿದೆ. ಅದರ ಪ್ರಕಾರ ನಮ್ಮ ಲೈನಿನ ಚೆಕಿಂಗ್ ಟೇಬಲ್ಲಿನಲ್ಲಿರುವ ಮೂವತ್ತೊಂದನೇ ನಂಬರಿನ ಕೆಲಸದಾಕೆ ದಿನಕ್ಕೆ ಒಂದೂಮುಕ್ಕಾಲು ಗಂಟೆ ಜಾಗ ಬಿಟ್ಟು ಎದ್ದು ಹೋಗುತ್ತಾಳೆ, ಕಾರಣ 'ಇತರೆ'. ಆರು ಲೈನಿನಲ್ಲೂ ಅಷ್ಟು ಸಮಯ ಹಾಳು ಮಾಡಿದವರು ಇನ್ನೊಬ್ಬರಿಲ್ಲ. ಮುಂದಿನ ಸೋಮವಾರದಿಂದ ಟೇಬಲ್ಲು ಬೇರೆಯವರಿಗೆ. ನಮ್ಮತ್ತೆ ಗೇಟಿನ ಪಕ್ಕದ ಶೆಡ್ಡಿನಲ್ಲಿ ರಟ್ಟಿನ ಡಬ್ಬ ಮಡಚಬೇಕು, ಇಷ್ಟವಿಲ್ಲದಿದ್ದರೆ ಮನೆಯಲ್ಲಿರಬಹುದು.

ನನ್ನ ಗಂಡ ವ್ಯಾನ್ ಓಡಿಸುತ್ತಾನೆ. ಅತ್ತೆ ಸೊಸೆಯ ನಡುವೆ ಬಾಯಿ ಹಾಕಿದರೆ ಏನಾಗುತ್ತದೆಂದು ಗೊತ್ತಿರುವ ಮನುಷ್ಯ, ಹಾಗಾಗಿ ಹುಷಾರಾಗಿ ಬಾಗಿಲ ಹತ್ತಿರವೇ ನಿಂತು ಹೇಳಿದ.

"ಹೋಗ್ಲಿ ಬಿಡಮ್ಮಾ. ಇಪ್ಪತ್ತೆರಡು ವರ್ಷ ನಿಂತೂ ನಿಂತೂ ಕಾಲು ಸೋತಿದೆ. ಡಬ್ಬದ ಕೆಲಸ ಕೂತ್ಕೊಂಡು ಮಾಡ್ಬೋದು."

"ಕಾಲು ಸೋತಿದೆ ಅಂತ ನಿನ್ ಹತ್ರ ಹೇಳಿದ್ನೇನೋ ನಾನು?" ಎಂದರು ನಮ್ಮತ್ತೆ. "ಡಬ್ಬ ಮಡಚು ಅಂದ್ರೆ ಮಡಚ್ತೀನಿ, ಅದೇನು ಕಳ್ಳತನದ ಕೆಲಸ ಅಲ್ಲ. ಆದ್ರೆ ಆ ಕಾಗದದಲ್ಲಿ ನಾನು ಮೈಗಳ್ಳಿ ಅಂತ ಬರೆದಿದೆ. ಅದನ್ನ ಅಚ್ಚು ಹಾಕ್ಸಿ ನಾಲ್ಕು ದೇಶದವರಿಗೆ ಓದೋಕೆ ಕೊಡ್ತಾರಂತೆ. ಅದನ್ನ ಒಪ್ಪಲ್ಲ ನಾನು. ಸತ್ರೂ ಒಪ್ಪಲ್ಲ."

"ಹೆಸ್ರಿಲ್ವಲ್ಲಮ್ಮಾ ಅದ್ರಲ್ಲಿ, ನಂಬರು ಅಷ್ಟೇ."

"ಆ ನಂಬರು ನನ್ನ ಕಾಲಲ್ಲಿ ನಡೆದಿದ್ದು ಕಣೋ!"

ಅವನು ಮೆಲ್ಲಗೆ ಜಾಗ ಖಾಲಿ ಮಾಡಿದ. ನಾನು ಒಲೆಯ ಕಡೆ ಮುಖ ಮಾಡಿಕೊಂಡು ಕೇಳಿದೆ, "ಹಾಗಾದ್ರೆ ಪಟ್ಟಿ ತೋರ್ಸಿ ಅತ್ತೆ. ಎದ್ದು ಹೋಗಿದ್ದು ಯಾಕೆ ಅಂತ ಅದ್ರಲ್ಲೇ ಇದೆಯಲ್ಲ."

"ತೋರ್ಸಿದ್ರೆ ಯಾರ್‍ಯಾರ ತಪ್ಪು ಎಷ್ಟು ಅಂತ ಮ್ಯಾನೇಜರಿಗೂ ಸಿಗುತ್ತೆ. ಮೊದಲು ಯಾರ ಹೆಸರು ಬರುತ್ತೆ ಗೊತ್ತಾ?"

ಗೊತ್ತಿತ್ತು. ನನ್ನದೇ.

"ನಿನ್ನ ಮನೆಗೆ ಕಳಿಸಿ ನಾನು ಟೇಬಲ್ ಉಳಿಸ್ಕೊಳ್ಳಲಾ?" ಎಂದರು. "ಅಂಥಾ ಟೇಬಲ್ಲು ನನಗೆ ಬೇಕಾಗಿಲ್ಲ. ಶುಕ್ರವಾರ ಪ್ರೊಫೆಸರು ಕ್ಯಾಂಟೀನಲ್ಲಿ ಮೀಟಿಂಗ್ ಇಟ್ಟಿದ್ದಾರೆ. ನಾನೇ ಕೇಳ್ತೀನಿ." ಇಷ್ಟು ಹೇಳಿ, ನಾನು ತೊಳೆದಿಟ್ಟಿದ್ದ ಲೋಟ ಎತ್ತಿ ಬೆಳಕಿಗೆ ಹಿಡಿದರು. ಅವತ್ತು ನನಗೆ ಸಿಟ್ಟು ಬರಲಿಲ್ಲ. ನನ್ನ ಮೇಲೆ ನನಗೇ ಅಸಹ್ಯವಾಯಿತು. ಮೊದಲ ದಿನ ನಾನು ಹಲ್ಲು ಕಿರಿದು ಹೇಳಿದ ಆ ಮಾತು, ಬಾಕಿ ಇಲ್ಲಿ ತೀರಿಸ್ತಾರೆ ಎಂದ ಮಾತು, ಅದೂ ಆ ಐದರೊಳಗೆ ಸೇರಿಕೊಂಡಿತ್ತಲ್ಲ.

ಶುಕ್ರವಾರ ಮಧ್ಯಾಹ್ನ ಕ್ಯಾಂಟೀನಿನ ಬೆಂಚುಗಳನ್ನು ಸಾಲಾಗಿ ಹಾಕಿಸಿದ್ದರು. ಕೆಲಸಗಾರರ ಮೇಲೆ ಸಂಶೋಧನೆ ಮಾಡಿದರೆ ಅವರಿಗೂ ಫಲಿತಾಂಶ ಹೇಳಬೇಕು ಎಂಬುದು ವಿಶ್ವವಿದ್ಯಾಲಯದ ನಿಯಮವಂತೆ. ಬಿಳಿ ಗೋಡೆಯ ಮೇಲೆ ಬಣ್ಣಬಣ್ಣದ ಕಂಬಗಳು ಬಿದ್ದವು. ಪ್ರೊಫೆಸರು ಒಳ್ಳೆಯ ಮನುಷ್ಯರೇ. ಯಾರಿಗೂ ನೋವಾಗದ ಹಾಗೆ, ಒಂದೊಂದು ಮಾತನ್ನೂ ಎರಡೆರಡು ಸಲ ಹೇಳುತ್ತಾ ವಿವರಿಸಿದರು. ನಮ್ಮ ಲೈನಿನ ವಿಷಯಕ್ಕೆ ಬಂದಾಗ ಒಂದು ಕ್ಷಣ ತಡೆದರು.

"ಇಲ್ಲಿ ಒಂದು ವಿಚಿತ್ರ ಇದೆ," ಎಂದರು. "ಆರು ಲೈನುಗಳಲ್ಲಿ ಅತಿ ಹೆಚ್ಚು ಸಮಯ ಸೋರಿರೋದು ಈ ಲೈನಿನಲ್ಲಿ. ಅತಿ ಕಡಿಮೆ ತಪ್ಪು ಆಗಿರೋದೂ ಇದೇ ಲೈನಿನಲ್ಲಿ. ಎರಡನೆಯದು ಆಕಸ್ಮಿಕ ಅಂತ ನಾವು ಅಂದ್ಕೊಂಡಿದ್ದೀವಿ."

ಗೋಡೆಯ ಮೇಲೆ ಒಂದು ಕೆಂಪು ಕಂಬ ಎಲ್ಲಕ್ಕಿಂತ ಎತ್ತರಕ್ಕೆ ಎದ್ದು ನಿಂತಿತ್ತು. ಅದರ ಬುಡದಲ್ಲಿ 31.

ನಮ್ಮತ್ತೆ ಎದ್ದರು.

"ಸರ್, ಆ ಮೂವತ್ತೊಂದು ನಾನು."

"ಅಮ್ಮಾ, ಇಲ್ಲಿ ಯಾರ ಹೆಸರೂ ಇಲ್ಲ," ಎಂದರು ಪ್ರೊಫೆಸರು, ಗಾಬರಿಯಾಗಿ. "ನಂಬರು ಮಾತ್ರ. ಯಾರಿಗೂ ಗೊತ್ತಾಗಲ್ಲ."

"ಎಲ್ಲಾರಿಗೂ ಗೊತ್ತು ಸರ್. ಸೋಮವಾರದಿಂದ ಡಬ್ಬ ಮಡಚೋಕೆ ಹೋಗು ಅಂತ ನಂಬರಿಗೆ ಹೇಳಿಲ್ಲ, ನನಗೆ ಹೇಳಿದ್ದಾರೆ."

ಪ್ರೊಫೆಸರು ಮ್ಯಾನೇಜರ ಕಡೆ ತಿರುಗಿದರು. "ಹಾಗೆ ಮಾಡಿ ಅಂತ ನಾವು ಎಲ್ಲೂ ಹೇಳಿಲ್ವಲ್ಲ?"

"ನಿಮ್ಮ ಕಂಬವೇ ಹೇಳ್ತಿದೆಯಲ್ಲ ಸರ್," ಎಂದರು ಮ್ಯಾನೇಜರು. ಅವರ ಕೈಯಲ್ಲೊಂದು ಡೈರಿ, ಪೆನ್ನು. ಯಾವ ಮೀಟಿಂಗಿಗೂ ಅದಿಲ್ಲದೆ ಬರುವವರಲ್ಲ.

ಪ್ರೊಫೆಸರು ಕನ್ನಡಕ ತೆಗೆದು ಒರೆಸಿಕೊಂಡರು. "ಆಯ್ತಮ್ಮಾ, ನೀವೇ ಹೇಳಿ. ಎದ್ದು ಹೋದಾಗ ಏನ್ ಮಾಡ್ತಿದ್ರಿ?"

"ಕೆಲಸ ಮಾಡ್ತಿದ್ದೆ."

"ಯಾವ ಕೆಲಸ?"

ನಮ್ಮತ್ತೆ ಬಾಯಿ ತೆರೆದರು. ಮ್ಯಾನೇಜರ ಡೈರಿಯ ಕಡೆ ನೋಡಿದರು. ಬಾಯಿ ಮುಚ್ಚಿದರು. ಸೊಂಟದ ಚೀಲವನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದರು.

"ಅದನ್ನ ಹೇಳಲ್ಲ," ಎಂದರು.

ಹಿಂದಿನ ಬೆಂಚಿನಲ್ಲಿದ್ದ ಬೇರೆ ಲೈನಿನವರು ಕಿಸಕ್ಕೆಂದು ನಕ್ಕರು. ಮ್ಯಾನೇಜರು ಪ್ರೊಫೆಸರಿಗೆ, ನೋಡಿದಿರಾ ಎಂಬಂತೆ ಕೈ ತಿರುಗಿಸಿದರು. ಐವತ್ತನಾಲ್ಕು ವರ್ಷದ ಹೆಂಗಸು, ಜೀವಮಾನವೆಲ್ಲ ಇನ್ನೊಬ್ಬರ ತಪ್ಪು ತಿದ್ದಿದವರು, ಅಷ್ಟು ಜನರ ಎದುರು ಕಳ್ಳಿಯ ಹಾಗೆ ನಿಂತಿದ್ದರು. ನಿಜ ಹೇಳುತ್ತೇನೆ, ನನಗೆ ಅಳು ಬಂತು. ಅದಕ್ಕಿಂತ ಜಾಸ್ತಿ ಸಿಟ್ಟು ಬಂತು. ನನ್ನ ಅತ್ತೆಯನ್ನು ಬೈಯುವ ಹಕ್ಕು ಏನಿದ್ದರೂ ನನಗಿರಬೇಕು, ಈ ಕಂಬಕ್ಕೆ ಯಾರು ಕೊಟ್ಟರು?

ನಾನು ಎದ್ದೆ. ಬೆಳಿಗ್ಗೆ ಮನೆಯಿಂದ ಹೊರಡುವಾಗಲೇ ಬಿಸ್ಕೆಟ್ ಡಬ್ಬವನ್ನು ಊಟದ ಚೀಲಕ್ಕೆ ಹಾಕಿಕೊಂಡಿದ್ದೆ. ತೆಗೆದೆ.

"ಏಯ್, ಕೂತ್ಕೊಳ್ಳೇ," ಎಂದರು ನಮ್ಮತ್ತೆ, ಹಲ್ಲು ಕಚ್ಚಿ.

"ಕೂರಲ್ಲ. ಎಂಟು ವರ್ಷ ನೀವು ಹೇಳಿದ್ದು ಕೇಳಿದ್ದೀನಿ, ಇವತ್ತೊಂದು ದಿನ ಕೇಳಲ್ಲ," ಎಂದೆ. ಸೀದಾ ಹೋಗಿ ಡಬ್ಬವನ್ನು ಪ್ರೊಫೆಸರ ಮುಂದಿನ ಟೇಬಲ್ಲಿನ ಮೇಲಿಟ್ಟೆ. "ಸರ್, ಇವರು ನನ್ ಹತ್ರ ಬರ್ತಿದ್ರು. ಏಳನೇ ಮಷಿನ್ನು, ಕಾಲರು. ದುಂಡು ಮೂಲೆ ನನಗೆ ಬರ್ತಿರ್ಲಿಲ್ಲ. ಉಬ್ಬಿಸ್ತಿದ್ದೆ. ಒಂದೊಂದು ಸಲ ಬಂದು ಹೇಳ್ಕೊಟ್ಟಾಗ್ಲೂ ಒಂದೊಂದು ಕೆಂಪು ಹೊಲಿಗೆ ಹಾಕಿದ್ದಾರೆ, ಎಣಿಸ್ಕೊಳ್ಳಿ. ಬೈಯೋಕೆ ಬರ್ತಾರೆ ಅಂತ ಮೇಡಂ ಹತ್ರ ತಮಾಷೆ ಮಾಡಿದ್ದು ಸುಳ್ಳು. ನಾಚಿಕೆ ಆಗ್ತಿತ್ತು, ಅದಕ್ಕೆ ಹೇಳಿದ್ದು."

ಸಂಶೋಧಕಿ ಮೇಡಂ ಎದ್ದು ಬಂದಳು. ತಾನು ನೋಡಿದ ನಾಲ್ಕು ವಾರದ ತಾರೀಖಿನ ತುಂಡುಗಳನ್ನು ಡಬ್ಬದಿಂದ ಹುಡುಕಿ ತೆಗೆದು ಸಾಲಾಗಿ ಹರಡಿ, ಬೆರಳಿಟ್ಟು ಎಣಿಸಿದಳು. ಮೊದಲ ವಾರ ಹತ್ತೊಂಬತ್ತು. ಆಮೇಲೆ ಹದಿನಾರು, ಹದಿನೈದು, ಹನ್ನೊಂದು. ಒಟ್ಟು ಅರವತ್ತೊಂದು. ಟ್ಯಾಬ್ ತೆರೆದು ಏನೋ ಹುಡುಕಿದಳು. ಅವಳ ಕಿವಿ ಕೆಂಪಾಗಿದ್ದು ನಮಗೆಲ್ಲ ಕಂಡಿತು.

"ಸರ್," ಎಂದಳು ಪ್ರೊಫೆಸರಿಗೆ. "ಮೂವತ್ತೊಂದನೇ ನಂಬರು ಏಳನೇ ಮಷಿನ್ನಿನ ಹತ್ರ ನಿಂತಿದ್ದು ಅರವತ್ತೊಂದು ಸಲ. ಒಂದೂ ಆಚೆ ಈಚೆ ಇಲ್ಲ. ಆಮೇಲೆ ನೋಡಿ, ವಾರ ವಾರಕ್ಕೂ ಕಡಿಮೆ ಆಗ್ತಾ ಬಂದಿದೆ."

ಮ್ಯಾನೇಜರ ಪೆನ್ನು ಆಗಲೇ ಡೈರಿಯ ಮೇಲೆ ಓಡುತ್ತಿತ್ತು. ಏಳನೇ ಮಷಿನ್ನು, ಅರವತ್ತೊಂದು. ಅದನ್ನು ನೋಡಿ ತೋಳಣ್ಣ ಎದ್ದ. ಪರ್ಸಿನಿಂದ ತನ್ನ ತುಂಡುಗಳನ್ನು ತೆಗೆದು, ಮಕ್ಕಳ ಫೋಟೋ ಕೆಳಗೆ ಬಿದ್ದರೂ ಎತ್ತಿಕೊಳ್ಳದೆ ನಡೆದುಬಂದ.

"ಹನ್ನೆರಡನೇ ಮಷಿನ್ನು, ತೋಳು," ಎಂದ. "ಎಂಟು, ಮೂರು, ಒಂದು, ಕೊನೇ ವಾರ ಸೊನ್ನೆ. ಬರ್ಕೊಳ್ಳಿ ಸರ್, ನಂದೂ ಬರ್ಕೊಳ್ಳಿ."

ಜೇಬಿನವಳು ಎದ್ದಳು. ಕಫ್‌ನವರಿಬ್ಬರೂ ಎದ್ದರು. ಕೆಲವರ ಹತ್ತಿರ ತುಂಡು ಇರಲಿಲ್ಲ, ಮಷಿನ್ನಿನ ಡ್ರಾಯರಿನಲ್ಲಿದೆ ಎಂದು ಓಡಿದರು. ಇನ್ನು ಕೆಲವರು ಬಿಸಾಕಿದ್ದರು, ಅವರು ಬಾಯಿಯಲ್ಲೇ ಹೇಳಿದರು. ಹೊಸದಾಗಿ ಸೇರಿದ ಗುಂಡಿ ಹೊಲಿಯುವವಳೊಬ್ಬಳಂತೂ ಕೈ ಎತ್ತಿ, "ನಂದು ಎಷ್ಟು ಅಂತ ನೆನಪಿಲ್ಲ ಸರ್, ಆದ್ರೆ ತುಂಬಾ ಇದೆ," ಎಂದಳು. ಅಷ್ಟು ಹೊತ್ತು ಕಿಸಕ್ಕೆನ್ನುತ್ತಿದ್ದ ಬೇರೆ ಲೈನಿನವರು ಈಗ ಕತ್ತು ಉದ್ದ ಮಾಡಿ ನೋಡುತ್ತಿದ್ದರು. ನಮ್ಮ ಲೈನಿನ ಬೆಂಚುಗಳೆಲ್ಲ ಖಾಲಿಯಾಗಿ ಎಲ್ಲರೂ ಮುಂದೆ ಬಂದು ನಿಂತಿದ್ದೆವು.

"ಬರ್ಕೊಳ್ಳಿ ಸರ್," ಎಂದ ತೋಳಣ್ಣ ಮತ್ತೆ. "ಎಲ್ಲಾರನ್ನೂ ಬರ್ಕೊಳ್ಳಿ. ಎಲ್ಲಾರನ್ನೂ ಕಳಿಸಿದ್ರೆ ಸೋಮವಾರ ಶರ್ಟು ನೀವೇ ಹೊಲೀಬೇಕಾಗುತ್ತೆ."

ಮ್ಯಾನೇಜರು ಪೆನ್ನಿನ ಕ್ಯಾಪು ಹಾಕಿದರು. ಡೈರಿಯನ್ನು ತೊಡೆಯ ಮೇಲಿಟ್ಟುಕೊಂಡು ಗೋಡೆಯ ಕಡೆ ನೋಡತೊಡಗಿದರು.

ನಮ್ಮತ್ತೆ ಇನ್ನೂ ನಿಂತಲ್ಲೇ ನಿಂತಿದ್ದರು. ಕಣ್ಣು ಒದ್ದೆಯಾಗಿತ್ತು ಎಂದು ಹೇಳಿದರೆ ಈಗಲೂ ನನ್ನ ಮೇಲೆ ಎಗರಿ ಬೀಳುತ್ತಾರೆ. ಒದ್ದೆಯಾಗಿತ್ತು.

ಪ್ರೊಫೆಸರು ಒಂದು ತುಂಡನ್ನು ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದರು. ಎಷ್ಟೋ ವರ್ಷ ಫ್ಯಾಕ್ಟರಿಗಳ ಮೇಲೆ ಪುಸ್ತಕ ಬರೆದ ಮನುಷ್ಯ. ಕೊನೆಗೆ ಹೇಳಿದರು, "ತಪ್ಪು ನಮ್ಮದಮ್ಮಾ. ನೀವು ಮಾಡ್ತಿದ್ದಿದ್ದಕ್ಕೆ ನಮ್ಮ ಹತ್ರ ಚೌಕವೇ ಇರಲಿಲ್ಲ. ಆರನೇದು ಒಂದು ಮಾಡೋಣ. 'ಸಹಾಯ' ಅಂತ ಹೆಸರಿಡೋಣ."

ಎಲ್ಲರೂ ಸಮಾಧಾನದಿಂದ ಉಸಿರು ಬಿಟ್ಟೆವು. ನಾನೂ ಬಿಟ್ಟೆ. ಇಷ್ಟಕ್ಕೇ ಮುಗಿಯಿತು ಎಂದುಕೊಂಡೆ. ನಮ್ಮತ್ತೆಯನ್ನು ಎಂಟು ವರ್ಷದಿಂದ ನೋಡಿಯೂ ನನಗೆ ಬುದ್ಧಿ ಬಂದಿಲ್ಲ.

"ಸಹಾಯ ಯಾಕೆ ಸರ್?" ಎಂದರು. "ನಾನೇನು ಪುಕ್ಕಟೆ ಉಪಕಾರ ಮಾಡೋಕೆ ಬರ್ತೀನಾ ಇಲ್ಲಿಗೆ? ಒಂದನೇ ಚೌಕದಲ್ಲಿ ಏನಿದೆ?"

"ಕೆಲಸ," ಎಂದಳು ಮೇಡಂ.

"ಅದಕ್ಕೆ ಹಾಕಿ. ಹೊಲಿಯೋದು ಕೆಲಸ ಆದ್ರೆ, ಹೊಲಿಗೆ ಕಲಿಸೋದು ಇತರೆ ಹೇಗಾಗುತ್ತೆ? ಆರನೇದು ಬೇಡ ನನಗೆ. ಒಂದನೇದಕ್ಕೆ ಹಾಕಿ."

"ಹಾಗೆ ಕೂತಲ್ಲೇ ಬದಲಾಯಿಸೋಕೆ ಆಗಲ್ಲಮ್ಮಾ," ಎಂದರು ಪ್ರೊಫೆಸರು. ದನಿ ಮೆತ್ತಗಾಗಿತ್ತು. "ಈ ವರದಿ ವಾಪಸ್ ತಗೋತೀನಿ. ಆದ್ರೆ ಮತ್ತೆ ನಾಲ್ಕು ವಾರ ನೋಡ್ಬೇಕಾಗುತ್ತೆ, ಈ ಸಲ ಸರಿಯಾಗಿ. ಅಲ್ಲೀವರೆಗೂ ಲೈನಿನಲ್ಲಿ ಯಾರೂ ಜಾಗ ಬದಲಾಯಿಸೋ ಹಾಗಿಲ್ಲ. ಬದಲಾಯಿಸಿದ್ರೆ ಹೋಲಿಸೋಕೇ ಆಗಲ್ಲ." ಕೊನೆಯ ಮಾತನ್ನು ಮ್ಯಾನೇಜರ ಕಡೆ ನೋಡಿ ಹೇಳಿದರು. ಮ್ಯಾನೇಜರು ಗೋಡೆಯಿಂದ ಕಣ್ಣು ತೆಗೆಯದೆ ತಲೆಯಾಡಿಸಿದರು.

"ನೋಡಿ ಸರ್, ಎಷ್ಟು ವಾರ ಬೇಕಾದ್ರೂ ನೋಡಿ," ಎಂದರು ನಮ್ಮತ್ತೆ. "ನಾನಂತೂ ಟೇಬಲ್ ಬಿಟ್ಟು ಹೋಗಲ್ಲ." ಒಂದು ಕ್ಷಣ ಯೋಚಿಸಿದರು. "ಅಲ್ಲ, ಹೋಗ್ತೀನಿ. ದಿನಕ್ಕೆ ಹತ್ತು ಸಲ ಹೋಗ್ತೀನಿ."

ಆ ಸಾಯಂಕಾಲ ಬಸ್ಸಿನಲ್ಲಿ ಅವರು ಕಿಟಕಿ ಪಕ್ಕ ಕೂತರು, ನಾನು ಪಕ್ಕದಲ್ಲಿ. ಡಬ್ಬ ನನ್ನ ತೊಡೆಯ ಮೇಲಿತ್ತು. ಅರ್ಧ ದಾರಿಯವರೆಗೂ ನಮ್ಮತ್ತೆ ಅದನ್ನೇ ನೋಡುತ್ತಿದ್ದರು. ಆಮೇಲೆ ಕೇಳಿದರು, "ಎಂಟು ವರ್ಷದ್ದೂ ಇಟ್ಕೊಂಡಿದ್ದೀಯೇನೇ?"

"ನಿಮ್ಮೆದುರಿಗೇ ಸುಡೋಣ ಅಂತ."

"ಸುಡು," ಎಂದರು. "ಆದ್ರೆ ಅಂಗಳದಲ್ಲಿ ಸುಡು. ಮನೆಯೊಳಗೆ ಹೊಗೆ ಮಾಡ್ಬೇಡ." ಇಷ್ಟು ಹೇಳಿ ಕಿಟಕಿಯ ಕಡೆ ತಿರುಗಿಕೊಂಡರು. ಡಬ್ಬ ಮತ್ತೆ ಮಂಚದ ಕೆಳಗೇ ಹೋಯಿತು.

ಸೋಮವಾರ ಬೆಳಿಗ್ಗೆ ಮೇಡಂ ತನ್ನ ಎತ್ತರದ ಸ್ಟೂಲನ್ನು ಎಳೆದುಕೊಂಡು ಬಂದು ಲೈನಿನ ನಡುವೆ ಹಾಕಿ ಕೂತಳು. ಮಷಿನ್ನುಗಳು ಶುರುವಾದವು. ಕೊನೆಯ ಟೇಬಲ್ಲಿನಲ್ಲಿ ಎರಡು ಟ್ಯೂಬ್‌ಲೈಟು ಉರಿದವು. ಇನ್ನೂ ಅರ್ಧ ಗಂಟೆಯೂ ಆಗಿರಲಿಲ್ಲ, ನಮ್ಮತ್ತೆ ಒಂದು ಶರ್ಟನ್ನು ಹೆಗಲ ಮೇಲೆ ಹಾಕಿಕೊಂಡು ಹೊರಟರು. ಎಲ್ಲಿಗೆ ಎಂದು ಬೇರೆ ಹೇಳಬೇಕೇ? ತೋಳಣ್ಣ ನನ್ನ ಕಡೆ ನೋಡಿ ಕಣ್ಣು ಮಿಟುಕಿಸಿದ.

ಮೇಡಂ ಹಿಂದೆಯೇ ಬಂದಳು. "ಅಮ್ಮಾ, ಇಲ್ಲಿಗೆ ಯಾಕೆ ಬಂದ್ರಿ?"

ನಮ್ಮತ್ತೆ ನನ್ನ ಮುಖ ನೋಡಿದರು. ನಾನು ಹೂಂ ಎಂದು ತಲೆಯಾಡಿಸಿದೆ.

"ಇವಳ ಎಡಗಡೆ ಮೂಲೆ ಉಬ್ಬಿದೆ, ತಿದ್ದೋಕೆ," ಎಂದರು. ಇಡೀ ಲೈನಿಗೆ ಕೇಳುವಷ್ಟು ಗಟ್ಟಿಯಾಗಿ. ಆಮೇಲೆ ನನ್ನ ಕಿವಿಗೆ ಬಗ್ಗಿದರು. "ಎಷ್ಟು ಸಲ ಹೇಳೋದು ನಿನಗೆ? ಎಡಗೈಲಿ ಬಟ್ಟೆ ಎಳೀಬೇಡ. 'ಬಾ, ಬಾ' ಅಂತ ಎಳೆದ್ರೆ ಅದು ಮುನಿಸ್ಕೊಂಡು ಉಬ್ಬುತ್ತೆ. ತಾನಾಗೇ ಬರುತ್ತೆ ಅದು. ನೀನು ದಾರಿ ತೋರ್ಸು, ಸಾಕು."

ಒಂದು ಪೀಸು ಹೊಲಿದೆ. ಮತ್ತೆ ಉಬ್ಬಿತು. ಬೈಸಿಕೊಂಡೆ. ಇನ್ನೊಂದು ಹೊಲಿದೆ, ಮತ್ತೊಂದು ಹೊಲಿದೆ. ಹನ್ನೆರಡು ನಿಮಿಷ ಅವರು ನನ್ನ ತಲೆಯ ಹತ್ತಿರ ನಿಂತಿದ್ದರು. ನಾನು ಓರೆಗಣ್ಣಿನಿಂದ ಮೇಡಂ ಕೈಯಲ್ಲಿದ್ದ ಟ್ಯಾಬಿನ ಕಡೆ ನೋಡಿದೆ. ಅವಳ ಬೆರಳು ಒಂದನೇ ಚೌಕದ ಮೇಲಿತ್ತು. ಒತ್ತಿದಳು.

"ಅಲ್ಲೇನ್ ನೋಡ್ತೀಯಾ?" ಎಂದರು ನಮ್ಮತ್ತೆ. "ಇಲ್ಲಿ ನೋಡು."